ಸೈಟೇಶನ್ 40 ಸಾವಿರ ಇದ್ರೆ ದೊಡ್ಡ ವಿಜ್ಞಾನಿನಾ?

ಪ್ರಶ್ನೆ: ಮಗಳು ಎಂಎಸ್ಸಿ ಫಿಸಿಕ್ಸ್ ಮುಗಿಸ್ತಿದ್ದಾಳೆ, ಪಿಎಚ್‌ಡಿಗೆ ಬೆಂಗಳೂರಲ್ಲೇ ಗೈಡ್ ಹುಡುಕ್ತಿದ್ದಾಳೆ. ಗೂಗಲ್ ಸ್ಕಾಲರ್‌ನಲ್ಲಿ ನೋಡಿದ್ರೆ ಒಬ್ಬ ಪ್ರೊಫೆಸರ್‌ಗೆ 40 ಸಾವಿರ ಸೈಟೇಶನ್ (ಅಂದ್ರೆ ಅವರ ಸಂಶೋಧನಾ ಪೇಪರ್‌ಗಳನ್ನ ಬೇರೆ ಪೇಪರ್‌ಗಳಲ್ಲಿ ಉಲ್ಲೇಖಿಸಿದ ಲೆಕ್ಕ), ಇನ್ನೊಬ್ರಿಗೆ ಬರೀ 1,800. ಇವಳು ಎರಡನೆಯವರ ಹತ್ರಾನೇ ಸೇರ್ತೀನಿ ಅಂತ ಹಠ ಹಿಡಿದಿದ್ದಾಳೆ. ನಾನು ಬ್ಯಾಂಕಲ್ಲಿದ್ದವನು, ಅಂಕಿ ನೋಡದೆ ನಂಬೋನಲ್ಲ. ಏನಂತೀರಿ?
— ಒಬ್ಬ ತಂದೆ, ಬಸವನಗುಡಿ

ಉತ್ತರ: ಅಂಕಿ ಸರಿಯಾಗೇ ಇರ್ಬಹುದು ಸಾರ್, ಆದ್ರೆ ಒಂದು ಅಕೌಂಟ್ ಡಾಲರಲ್ಲಿ ಇನ್ನೊಂದು ಯೆನ್‌ನಲ್ಲಿ ಇದ್ರೆ ಬರೀ ಬ್ಯಾಲೆನ್ಸ್ ನೋಡಿ ಯಾರು ಸಾಹುಕಾರ ಅಂತ ಹೇಳ್ತೀರಾ? ಮೊದಲು 40 ಸಾವಿರದವರು ಯಾವ ಕೆಲಸದಲ್ಲಿದ್ದಾರೆ ನೋಡಿ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ನಡೆಯೋ ಥರದ ದೊಡ್ಡ ಪ್ರಯೋಗದಲ್ಲಿದ್ರೆ ಕಥೆನೇ ಬೇರೆ. 2015ರಲ್ಲಿ ಅಲ್ಲಿನ ಅಟ್ಲಾಸ್, ಸಿಎಂಎಸ್ ಎರಡೂ ತಂಡ ಸೇರಿ ಹಿಗ್ಸ್ ಬೋಸಾನ್ ಅನ್ನೋ ಮೂಲಕಣದ ದ್ರವ್ಯರಾಶಿ ಬಗ್ಗೆ ತಂದ ಪೇಪರ್‌ಗೆ 5,154 ಜನ ಲೇಖಕರು, 33 ಪುಟದಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ! ಅದನ್ನ ಯಾರಾದ್ರೂ ಒಂದ್ಸಲ ಉಲ್ಲೇಖಿಸಿದ್ರೆ ಅಷ್ಟೂ ಜನರ ಖಾತೆಗೆ ಒಂದೊಂದು ಜಮಾ. ಇದ್ರಲ್ಲಿ ಮೋಸ ಏನಿಲ್ಲ, ಅಲ್ಲಿನ ದೈತ್ಯ ಯಂತ್ರಾನ ನಾಲ್ಕು ಜನ ನಡೆಸೋಕಾಗಲ್ಲ. ಆದ್ರೆ ಇಬ್ರು ಸ್ಟೂಡೆಂಟ್ಸ್ ಜೊತೆ ಕೂತು ಥಿಯರಿ ಮಾಡೋರ 1,800ನ್ನ ಅದರ ಪಕ್ಕ ಇಡಬೇಡಿ.

ಎಚ್-ಇಂಡೆಕ್ಸ್ ಅಂತಾನೂ ಒಂದು ಕಂಡಿರುತ್ತೆ. 2005ರಲ್ಲಿ ಹೋರ್ಹೆ ಹಿರ್ಶ್ ಅನ್ನೋ ಫಿಸಿಕ್ಸ್‌ನವರೇ ತಂದಿದ್ದು. 20 ಪೇಪರ್ ಒಂದೊಂದೂ ಕಮ್ಮಿ ಅಂದ್ರೂ 20 ಸಲ ಉಲ್ಲೇಖ ಆಗಿದ್ರೆ ಎಚ್ 20. ಜೀವವಿಜ್ಞಾನದವರಿಗೆ ಇದು ಜಾಸ್ತಿ ಬರುತ್ತೆ, ಒಂದೇ ಅಂಕಿಯಿಂದ ಮನುಷ್ಯನ ಕೆಲಸ ಪೂರ್ತಿ ತಿಳಿಯಲ್ಲ ಅಂತ ಹಿರ್ಶ್ ಅವರೇ ಇದನ್ನ ತಂದ ಪೇಪರಲ್ಲೇ ಬರೆದಿದ್ರು, ಆ ಭಾಗ ಮಾತ್ರ ಯಾರೂ ಓದಿದ ಹಾಗಿಲ್ಲ.

ನಮ್ಮೂರಿನವರದ್ದೇ ನೋಡಿ. ಜಿ.ಎನ್. ರಾಮಚಂದ್ರನ್ ಇಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಿ.ವಿ. ರಾಮನ್ ಹತ್ರ ಫಿಸಿಕ್ಸ್ ಕಲಿತವರು. 1963ರಲ್ಲಿ ಮದ್ರಾಸಲ್ಲಿದ್ದಾಗ ಪ್ರೋಟೀನ್ ಸರಪಳಿ ಯಾವ್ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ತಿರುಗಿದ್ರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೀತವೆ ಅಂತ ಸಹೋದ್ಯೋಗಿಗಳ ಜೊತೆ ಒಂದು ನಕ್ಷೆ ಹಾಕಿದ್ರು. ಇವತ್ತಿಗೂ ಪ್ರೋಟೀನ್ ರಚನೆ ಸರಿ ಇದೆಯಾ ಅಂತ ನೋಡೋಕೆ ಅದೇ ರಾಮಚಂದ್ರನ್ ಪ್ಲಾಟ್. ಆಮೇಲೆ 1971ರಲ್ಲಿ ಲಕ್ಷ್ಮೀನಾರಾಯಣನ್ ಜೊತೆ ಎಕ್ಸ್‌ರೇ ನೆರಳುಗಳಿಂದ ಒಳಗಿನ ಚಿತ್ರ ಕಟ್ಟೋ ಲೆಕ್ಕ ಕೊಟ್ರು, ಸಿಟಿ ಸ್ಕ್ಯಾನ್ ಪಾಠದಲ್ಲಿ ಈಗಲೂ ರಾಮ್-ಲ್ಯಾಕ್ ಫಿಲ್ಟರ್ ಅಂತ ಬರುತ್ತೆ. ಒಬ್ಬ ಫಿಸಿಸಿಸ್ಟ್, ಪ್ರಭಾವ ಎಲ್ಲಾ ಬಯಾಲಜಿ ಕಡೆ, ಆಸ್ಪತ್ರೆ ಕಡೆ! ಇನ್ನೂ ತಮಾಷೆ ಅಂದ್ರೆ ಹೆಸರು ಅಷ್ಟು ಬಳಕೆಗೆ ಬಂದ ಮೇಲೆ ಎಷ್ಟೋ ಜನ ಮೂಲ ಪೇಪರ್ ಉಲ್ಲೇಖಿಸೋದೇ ಬಿಟ್ರು, ಸೈಟೇಶನ್ ಲೆಕ್ಕಕ್ಕೆ ಅದು ಬರೋದೇ ಇಲ್ಲ.

ಎಸ್. ಪಂಚರತ್ನಂ ಅನ್ನೋ ಫಿಸಿಸಿಸ್ಟ್‌ದು ಇನ್ನೊಂದು ಥರ. 1956ರಲ್ಲಿ, ಇನ್ನೂ 22ರ ಹುಡುಗ, ಇಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು ಧ್ರುವೀಕೃತ ಬೆಳಕಿನ ಬಗ್ಗೆ ಬರೆದ್ರು. 1984ರಲ್ಲಿ ಇಂಗ್ಲೆಂಡಿನ ಫಿಸಿಸಿಸ್ಟ್ ಮೈಕೆಲ್ ಬೆರಿ ಕ್ವಾಂಟಂ ಕಡೆಯಿಂದ ಅದೇ ಥರದ ವಿಷಯಕ್ಕೆ ಬಂದ ಮೇಲೇನೇ ಜಗತ್ತು ಇವರ ಪೇಪರ್ ಹುಡುಕಿದ್ದು. ಅಷ್ಟೊತ್ತಿಗೆ ಅವರು ತೀರಿಕೊಂಡು 15 ವರ್ಷ.

ಮಗಳ ಪರ ನಾನು. ಆದ್ರೂ ಒಂದು ಕೆಲಸ ಮಾಡೋಕೆ ಹೇಳಿ, ಇಬ್ಬರದ್ದೂ ಐದು ವರ್ಷದ ಪೇಪರ್ ತೆಗೆದು ಮೊದಲ ಹೆಸರು ಸ್ಟೂಡೆಂಟ್‌ದಾ ನೋಡ್ಲಿ, ಆ ಸ್ಟೂಡೆಂಟ್ಸ್‌ನ ಕ್ಯಾಂಟೀನಲ್ಲಿ ಹಿಡಿದು ಥೀಸಿಸ್‌ಗೆ ಎಷ್ಟು ವರ್ಷ ಆಯ್ತು, ಸಾರ್ ಮಾತಿಗೆ ಸಿಗ್ತಾರಾ ಅಂತ ಕೇಳ್ಲಿ.

ಪ್ರಶ್ನೆ: ನಮ್ಮ ಮೇಷ್ಟ್ರು ‘ವಿಶ್ವದ ಟಾಪ್ 2% ವಿಜ್ಞಾನಿ’ ಅಂತ ಕಾಲೇಜ್ ಗೇಟಲ್ಲಿ ಫ್ಲೆಕ್ಸ್ ಹಾಕಿದ್ದಾರೆ. ಪ್ರಶಸ್ತಿನಾ ಅದು?
— ವಿದ್ಯಾರ್ಥಿನಿ, ಯಲಹಂಕ

ಉತ್ತರ: ಪ್ರಶಸ್ತಿ ಅಲ್ಲಮ್ಮ, ಪಟ್ಟಿ. ಸ್ಟ್ಯಾನ್‌ಫರ್ಡ್‌ನ ಜಾನ್ ಐಯೊನಿಡಿಸ್ ಮತ್ತು ಜೊತೆಯವರು ಸ್ಕೋಪಸ್ ಅನ್ನೋ ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಇಟ್ಕೊಂಡು ಮಾಡೋದು. ಅದ್ರಲ್ಲಿ 174 ಉಪವಿಷಯ ಬೇರೆ ಬೇರೆ ಮಾಡಿದ್ದಾರೆ, ಒಬ್ಬರೇ ಬರೆದ ಪೇಪರ್‌ಗೆ, ಮೊದಲ ಲೇಖಕರಾದ್ರೆ ಅದಕ್ಕೆ ಬೇರೆ ಲೆಕ್ಕ ಇದೆ, ಹಾಗಾಗಿ ಬರೀ ಸೈಟೇಶನ್ ಎಣಿಸೋದಕ್ಕಿಂತ ವಾಸಿ. ಪಟ್ಟಿ ಎರಡಿವೆ, ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು, ಫ್ಲೆಕ್ಸಲ್ಲಿ ಯಾವುದು ಅಂತ ಹಾಕಿರಲ್ಲ. ತಮ್ಮ ಪೇಪರನ್ನ ತಾವೇ ಎಷ್ಟು ಶೇಕಡಾ ಉಲ್ಲೇಖಿಸಿಕೊಂಡಿದ್ದಾರೆ ಅನ್ನೋ ಕಾಲಂ ಕೂಡ ಅದ್ರಲ್ಲೇ ಇದೆ, ಪಟ್ಟಿ ಫ್ರೀಯಾಗಿ ಸಿಗುತ್ತೆ, ಮೇಷ್ಟ್ರ ಹೆಸರಿನ ಸಾಲು ಹುಡುಕಿ ಮೊದಲು ಅದನ್ನ ನೋಡು.