ಗಾಡಿ ಪ್ರಶ್ನೆ: ಅಳಿಯನ ಡೀಸೆಲ್ ಟ್ರಕ್, ವಿಜಯಪುರದ ಡಿಪಿಎಫ್ ಲೈಟ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿ ಮತ್ತು ಅದರ ರಿಪೇರಿ ಖರ್ಚಿನ ಬಗ್ಗೆಯೇ ಇದ್ದವು. ಒಂದು ಪತ್ರ ಗೋಕಾಕದಿಂದ ಹೊರಟು ಟೆಕ್ಸಸ್‌ವರೆಗೆ ಹೋಗಿದೆ. ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರಾಗಬೇಡಿ.

ಪ್ರಶ್ನೆ: ಸರ್, ನನ್ನ ಮಗಳು, ಅಳಿಯ ಟೆಕ್ಸಸ್‌ನಲ್ಲಿದ್ದಾರೆ. ಮನೆಯಷ್ಟೇ ದೊಡ್ಡ ಟ್ರೇಲರ್, ಆರ್‌ವಿ ಅಂತಾರಂತೆ, ಅದನ್ನು ಕೊಂಡು ರಜೆಯಲ್ಲಿ ಸುತ್ತಬೇಕು ಅನ್ನೋದು ಅಳಿಯನ ಆಸೆ. ಎಳೆಯೋಕೆ ಹಳೆಯ ಡೀಸೆಲ್ ಟ್ರಕ್ ಹುಡುಕುತ್ತಿದ್ದಾರೆ. "ಡೀಸೆಲ್ ಎಂಜಿನ್ 5 ಲಕ್ಷ ಕಿಲೋಮೀಟರ್ ಓಡುತ್ತೆ, ಚಿಂತೆ ಇಲ್ಲ" ಅಂತಾರೆ. ಫೋರ್ಡ್, ರ‍್ಯಾಮ್, ಶೆವರ್ಲೆ ಮೂರರಲ್ಲಿ ಯಾವುದು ನಂಬಿಕಸ್ಥ? ಕೆಟ್ಟರೆ ಎಷ್ಟು ಖರ್ಚು?
ನಿವೃತ್ತ ಹೈಸ್ಕೂಲ್ ಮಾಸ್ತರ್, ಗೋಕಾಕ

ಉತ್ತರ: ಮಾಸ್ತರ್, ಅಳಿಯಂದಿರ ಮಾತು ಅರ್ಧ ಸರಿ. ಎಂಜಿನ್ ಓಡುತ್ತದೆ. ಜೇಬು ಖಾಲಿ ಮಾಡೋದು ಅದರ ಸುತ್ತ ಕೂತಿರುವ ಸಾಮಾನು: ಡೀಸೆಲ್ ಪಂಪ್, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಬಿಡುವ ಹೊಗೆಯನ್ನು ತಣಿಸುವ ಸಾಮಾನು), ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಮಾನು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜಾಳಿಗೆ). ಹಾಗಾಗಿ ಯಾವ ಕಂಪನಿ ಅಂತ ಕೇಳೋದಕ್ಕಿಂತ ಯಾವ ವರ್ಷದ ಗಾಡಿ ಅಂತ ಮೊದಲು ಕೇಳಬೇಕು.

ಫೋರ್ಡ್ ನೋಡಿ. 2003ರವರೆಗೆ ಬಂದ 7.3 ಲೀಟರ್ ಪವರ್‌ಸ್ಟ್ರೋಕ್ ಎಂಜಿನ್ ನಿಧಾನ, ಸದ್ದು ಜಾಸ್ತಿ, ಆದರೆ ಗಟ್ಟಿ. ಅದರ ಹಿಂದೆಯೇ ಬಂದ 6.0 ಲೀಟರ್ ಎಂಜಿನ್ 2007ರವರೆಗೆ ಈ ಟ್ರಕ್‌ಗಳಲ್ಲಿತ್ತು. ಅದು ಇವತ್ತು ಅಗ್ಗಕ್ಕೆ ಸಿಗುತ್ತದೆ, ಯಾಕೆ ಅಂತ ಹೇಳ್ತೀನಿ. ಅದರ ಆಯಿಲ್ ಕೂಲರ್ ಒಳಗೆ ಕಸ ಕಟ್ಟುತ್ತದೆ, ಆಗ ಇಜಿಆರ್ ಕೂಲರ್‌ಗೆ ಕೂಲಂಟ್ ಸಾಲದೆ ಅದು ಬಿರುಕು ಬಿಡುತ್ತದೆ, ಕೂಲಂಟ್ ಸಿಲಿಂಡರ್‌ಗೆ ಇಳಿಯುತ್ತದೆ, ಒತ್ತಡಕ್ಕೆ ಹೆಡ್ ಬೋಲ್ಟ್ ಹಿಗ್ಗಿ ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೈ ಹೋಗೋಕೆ ಜಾಗ ಇಲ್ಲ ಅಂತ ಎಷ್ಟೋ ಗ್ಯಾರೇಜಿನವರು ಇಡೀ ಕ್ಯಾಬಿನ್ನನ್ನೇ ಚಾಸಿಯಿಂದ ಎತ್ತಿ ಆಮೇಲೆ ಎಂಜಿನ್‌ಗೆ ಕೈ ಹಾಕುತ್ತಾರೆ. ಅಲ್ಲಿ ಕೂಲಿ ಗಂಟೆ ಲೆಕ್ಕ. ಗಂಟೆಗೆ 150 ಡಾಲರ್ ಅಂದರೆ ಅಲ್ಲಿ ಯಾರೂ ಹುಬ್ಬೇರಿಸಲ್ಲ.

ರ‍್ಯಾಮ್‌ನಲ್ಲಿ ಇರೋದು ಕಮಿನ್ಸ್ ಎಂಜಿನ್. ನಮ್ಮ ಕಡೆ ಜನರೇಟರ್ ಮೇಲೆ ಈ ಹೆಸರು ನೋಡಿರುತ್ತೀರಿ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಕೈಗೆ ಸಿಗುವ ಹಾಗಿದೆ, ರಿಪೇರಿಗೆ ಸುಲಭ. 2007ರವರೆಗಿನ 5.9 ಲೀಟರ್‌ನದ್ದಕ್ಕೆ ಒಳ್ಳೇ ಹೆಸರು, ಆದರೆ 1998ರ ಕೊನೆಯಿಂದ 2002ರವರೆಗಿನ ಗಾಡಿಗಳಲ್ಲಿ ವಿಪಿ44 ಅನ್ನುವ ಪಂಪ್ ಕೈಕೊಡುತ್ತಿತ್ತು. ಆಮೇಲೆ 6.7 ಲೀಟರ್ ಬಂತು. ಎಂಜಿನ್ ಏನೋ ಗಟ್ಟಿ, ಆದರೆ ಅದರ ಜತೆ ಕೊಟ್ಟ 68ಆರ್‌ಎಫ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಭಾರ ಎಳೆಯುವವರ ಕೈಯಲ್ಲಿ ಬೇಗ ಸೋಲುತ್ತದೆ. ಹೆಚ್ಚು ಭಾರ ಹೊರುವ 3500 ಮಾಡೆಲ್‌ನಲ್ಲಿ ಐಸಿನ್ ಗೇರ್‌ಬಾಕ್ಸ್ ಇರುವ ಗಾಡಿ ಸಿಕ್ಕರೆ ಅದನ್ನೇ ನೋಡಲಿ.

ಶೆವರ್ಲೆ, ಜಿಎಂಸಿ ಎರಡರಲ್ಲೂ ಇರುವುದು ಡ್ಯೂರಾಮ್ಯಾಕ್ಸ್ 6.6 ಲೀಟರ್, 2001ರಿಂದ ಬಂತು. ಅಲಿಸನ್ ಗೇರ್‌ಬಾಕ್ಸ್ ಅದರ ದೊಡ್ಡ ಬಲ. ಮೊದಲ ಎಂಜಿನ್, 2004ರವರೆಗಿನ ಎಲ್‌ಬಿ7, ಇಂಜೆಕ್ಟರ್ ತೊಂದರೆಗೆ ಹೆಸರಾಗಿದೆ. ಇಂಜೆಕ್ಟರ್‌ಗಳು ವಾಲ್ವ್ ಕವರ್ ಒಳಗಿವೆ, ಬದಲಿಸೋಕೆ ಕೂಲಿಯೇ ಸಾಕಷ್ಟಾಗುತ್ತದೆ. 2006-07ರ ಎಲ್‌ಬಿಝಡ್ ಸಿಕ್ಕರೆ ಬಿಡಬೇಡಿ ಅನ್ನುವವರು ಜಾಸ್ತಿ, ನಾನೂ ಅದೇ ಸಾಲಿನವನು.

ಈಗ ದೊಡ್ಡ ಖರ್ಚಿನ ವಿಷಯ. ಸಿಪಿ4 ಅನ್ನುವ ಹೈ ಪ್ರೆಷರ್ ಪಂಪ್. 2011ರಿಂದ ಫೋರ್ಡ್ 6.7ರಲ್ಲಿ, 2011ರಿಂದ 2016ರ ಡ್ಯೂರಾಮ್ಯಾಕ್ಸ್‌ನಲ್ಲಿ, 2019-20ರ ರ‍್ಯಾಮ್‌ನಲ್ಲಿ ಇದೇ ಇತ್ತು. ಈ ಪಂಪ್‌ಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಡೀಸೆಲ್‌ನಲ್ಲಿ ನೀರೋ ಗಾಳಿಯೋ ಸೇರಿದರೆ ಅಥವಾ ಜಿಡ್ಡು ಕಡಿಮೆಯಾದರೆ ಒಳಗಿನ ರೋಲರ್ ಅಡ್ಡ ತಿರುಗಿ ಕಬ್ಬಿಣ ತುರಿಯತೊಡಗುತ್ತದೆ. ಆ ಪುಡಿ ಸುಮ್ನೆ ಪಂಪ್‌ನಲ್ಲೇ ಉಳಿಯಲ್ಲ, ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೇಲ್, ಇಂಜೆಕ್ಟರ್, ಪೈಪು, ಟ್ಯಾಂಕಿನವರೆಗೂ ಹೋಗುತ್ತದೆ. ಎಲ್ಲವನ್ನೂ ಬದಲಿಸಬೇಕು. ಬಿಲ್ಲು 10,000 ಡಾಲರ್ ಆಸುಪಾಸು. ನಮ್ಮ ಲೆಕ್ಕದಲ್ಲಿ 8 ಲಕ್ಷಕ್ಕೆ ಮೇಲೆ, ಒಂದು ರಿಪೇರಿಗೆ! ರ‍್ಯಾಮ್‌ನವರು 2021ರಲ್ಲಿ ಗಾಡಿಗಳನ್ನು ರೀಕಾಲ್ ಮಾಡಿ ಹಳೆಯ ಸಿಪಿ3 ಪಂಪ್‌ಗೆ ವಾಪಸ್ ಬಂದರು. ಅಳಿಯಂದಿರು ಈ ವರ್ಷಗಳ ಗಾಡಿ ಕೊಂಡರೆ ಪಂಪ್ ಒಡೆದರೂ ಪುಡಿ ಇಂಜೆಕ್ಟರ್‌ಗೆ ಹೋಗದಂತೆ ತಡೆಯುವ ಬೈಪಾಸ್ ಕಿಟ್ ಸಿಗುತ್ತದೆ, ಅದನ್ನು ಮೊದಲ ವಾರವೇ ಹಾಕಿಸಲಿ. ಡೀಸೆಲ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಲಿ, ವಾಟರ್ ಸೆಪರೇಟರ್‌ನಿಂದ ನೀರು ಇಳಿಸಲಿ. ಗಾಡಿ ಕೊಳ್ಳುವ ಮುಂಚೆ ಫಿಲ್ಟರ್ ಬಿಚ್ಚಿ ನೋಡಿಸಲಿ. ಮಿರುಗುವ ಪುಡಿ ಕಂಡರೆ ಬೆಲೆ ಚೌಕಾಸಿಯೇ ಬೇಡ, ವಾಪಸ್ ಬರಲಿ.

ದಿನನಿತ್ಯದ ಖರ್ಚೂ ಇದೆ. 6.7 ಕಮಿನ್ಸ್‌ಗೆ ಒಂದು ಸಲ ಹಿಡಿಸುವ ಎಂಜಿನ್ ಆಯಿಲ್ 11 ಲೀಟರ್‌ಗಿಂತ ಜಾಸ್ತಿ. ಅಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲ್‌ಗಿಂತ ತುಟ್ಟಿ, ನಮ್ಮಲ್ಲಿಯ ಹಾಗಲ್ಲ.

ಇನ್ನೊಂದು ವಿಷಯ. ಜಾಹೀರಾತಿನಲ್ಲಿ ಎಷ್ಟು ಭಾರ ಎಳೆಯುತ್ತದೆ ಅಂತ ದೊಡ್ಡ ಅಂಕಿ ಹಾಕಿರುತ್ತಾರೆ. ಅದನ್ನು ಬಿಟ್ಟು ಡ್ರೈವರ್ ಬಾಗಿಲ ಹತ್ತಿರದ ಹಳದಿ ಚೀಟಿ ಓದಬೇಕು. ಗಾಡಿ ತನ್ನ ಮೇಲೆ ಎಷ್ಟು ಹೊರಬಹುದು ಅಂತ ಅದರಲ್ಲಿದೆ. ಫಿಫ್ತ್ ವೀಲ್ ಅನ್ನುವ ದೊಡ್ಡ ಟ್ರೇಲರ್ ತನ್ನ ತೂಕದ 15ರಿಂದ 25 ಶೇಕಡಾ ಟ್ರಕ್ ಮೇಲೆಯೇ ಹೇರುತ್ತದೆ. ಟ್ರೇಲರ್ 6,000 ಕಿಲೋ ಇದ್ದರೆ 20 ಶೇಕಡಾ ಲೆಕ್ಕದಲ್ಲಿ 1,200 ಕಿಲೋ ಅದೇ ಆಯಿತು, ಮೇಲೆ ಮಗಳು ಅಳಿಯ ಮಕ್ಕಳು ಸಾಮಾನು. ಡೀಸೆಲ್ ಎಂಜಿನ್ ತಾನೇ ಭಾರ ಇರುವುದರಿಂದ 3500ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಷ್ಟೋ 2500 ಟ್ರಕ್‌ಗಳ ಚೀಟಿಯಲ್ಲಿ ಉಳಿಯೋದು ಅಷ್ಟಕ್ಕಷ್ಟೆ. ಅಂಥ ಟ್ರೇಲರ್ ಆದರೆ 3500 ಬೇಕು.

ನನ್ನನ್ನು ಕೇಳಿದರೆ, ವರ್ಷಕ್ಕೆ ಎರಡು ಮೂರು ವಾರ ಸಣ್ಣ ಟ್ರೇಲರ್ ಎಳೆಯೋಕೆ ಡೀಸೆಲ್ ಬೇಡವೇ ಬೇಡ. ಇದೇ ಕಂಪನಿಗಳ ದೊಡ್ಡ ಪೆಟ್ರೋಲ್ ಟ್ರಕ್ ಸಾಕು, ಕೆಟ್ಟರೂ ಅರ್ಧ ಹೊಟ್ಟೆನೋವು. ಗುಡ್ಡಗಾಡಿನಲ್ಲಿ ಭಾರ ಇಳಿಸುವಾಗ ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಬ್ರೇಕ್) ಇರುವ ಡೀಸೆಲ್‌ನ ಸುಖ ಬೇರೆ, ಅದನ್ನು ಒಪ್ಪುತ್ತೇನೆ. ಡೀಸೆಲ್ಲೇ ಬೇಕು ಅಂದರೆ ಗಾಡಿ ಬೆಲೆ ಬಿಟ್ಟು ರಿಪೇರಿಗೆ ಅಂತ ಬೇರೆ ದುಡ್ಡು ಎತ್ತಿಡಲಿ, ಅಷ್ಟು ಇಲ್ಲದಿದ್ದರೆ ಕೊಳ್ಳೋದು ಒಂದು ವರ್ಷ ತಡವಾಗಲಿ.

ಪ್ರಶ್ನೆ: ನನ್ನದು ಬಿಎಸ್6 ಪಿಕಪ್. ಎಪಿಎಂಸಿಯಿಂದ ಊರೊಳಗಿನ ಅಂಗಡಿಗಳಿಗೆ ತರಕಾರಿ ಹಾಕ್ತೀನಿ. ಡಿಪಿಎಫ್ ಲೈಟ್ ಪದೇ ಪದೇ ಬರ್ತದೆ. ಒಬ್ಬ ಗೆಳೆಯ ಅದನ್ನು ಒಡೆಸಿ ಖಾಲಿ ಪೈಪು ಮಾಡಿಸು ಅಂತಾನೆ. ಇನ್ನೊಬ್ಬನದು ಲಾರಿ, ಅವನು ಹೊಗೆ ಶುದ್ಧ ಮಾಡೋಕೆ ಹಾಕುವ ಡಿಇಎಫ್ ದ್ರಾವಣದ ಬದಲು ಯೂರಿಯಾ ಗೊಬ್ಬರವನ್ನೇ ಕರಗಿಸಿ ಹಾಕಿದರೆ ಹೆಂಗೆ ಅಂತ ಕೇಳ್ತಾನೆ.
ಒಬ್ಬ ಓದುಗ, ವಿಜಯಪುರ

ಉತ್ತರ: ತಮ್ಮಾ, ಗೆಳೆಯರನ್ನು ಸ್ವಲ್ಪ ದೂರ ಇಡು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ನಿನ್ನಂಥವರ ಪತ್ರ ನಿಂತಿಲ್ಲ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಜಾಳಿಗೆ. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಎರಡು ಕಿಲೋಮೀಟರ್ ಓಡಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರ್ ಓಡಿದರೆ ಆ ಬಿಸಿ ಬರೋದು ಎಲ್ಲಿಂದ? ಅರ್ಧಕ್ಕೆ ನಿಂತ ಪ್ರತಿ ಸಲ ಸುಡೋಕೆ ಹಾಕಿದ ಡೀಸೆಲ್ ಒಂದಿಷ್ಟು ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡ, ಅದು ಡೀಸೆಲ್. ಆಯಿಲ್ ಬದಲಿಸು.

ವಾರಕ್ಕೊಮ್ಮೆ ಸೊಲ್ಲಾಪುರ ರಸ್ತೆಗೋ ಕೊಲ್ಹಾರದ ಕಡೆಗೋ ಹೆದ್ದಾರಿ ಹಿಡಿ. ಅರ್ಧ ಗಂಟೆ ಒಂದೇ ವೇಗದಲ್ಲಿ, ಎಂಜಿನ್ ಸ್ವಲ್ಪ ಮೇಲಿನ ಆರ್‌ಪಿಎಂನಲ್ಲಿ ತಿರುಗುವ ಹಾಗೆ ಓಡಿಸು. ಲೈಟ್ ಮಿಣುಕುತ್ತಿದ್ದರೆ ಮಧ್ಯೆ ನಿಲ್ಲಿಸಬೇಡ. ಡಿಪಿಎಫ್‌ಗೆ ಅಂತ ಬರುವ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಿಸು, ಸಾದಾ ಆಯಿಲ್‌ನ ಬೂದಿ ಎಷ್ಟು ಬಿಸಿ ಕೊಟ್ಟರೂ ಸುಡಲ್ಲ, ಒಳಗೇ ಕೂರುತ್ತದೆ. ಒಡೆಸೋದು ಕಾನೂನಿಗೆ ವಿರುದ್ಧ, ಮೇಲೆ ಸೆನ್ಸರ್‌ಗಳು ತಪ್ಪು ತೋರಿಸಿ ಗಾಡಿ ಎಳೆಯೋದನ್ನೇ ಕಡಿಮೆ ಮಾಡುತ್ತದೆ.

ಯೂರಿಯಾ ಗೊಬ್ಬರದ ವಿಷಯಕ್ಕೆ ನಗು ಬಂತು, ಆದರೆ ಕೇಳಿದ್ದು ಒಳ್ಳೇದಾಯ್ತು. ಡಿಇಎಫ್‌ನಲ್ಲೂ ಯೂರಿಯಾ ಇದೆ ನಿಜ, 32.5 ಶೇಕಡಾ. ಅದು ಶುದ್ಧ ಯೂರಿಯಾ, ಖನಿಜ ತೆಗೆದ ನೀರು. ಹೊಲಕ್ಕೆ ಹಾಕುವ ನಮ್ಮ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪನ ಇರುತ್ತದೆ, ಬೇರೆ ಕಲ್ಮಷವೂ ಇರುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಸೇರಿದರೆ ಇನ್ನೂ ಚಂದ! ನಳಿಕೆ ಕಟ್ಟಿ, ಕ್ಯಾಟಲಿಸ್ಟ್ ಹಾಳಾಗಿ, ಕೆಲವು ನೂರು ರೂಪಾಯಿ ಉಳಿಸೋಕೆ ಹೋಗಿ ಲಕ್ಷದ ಲೆಕ್ಕ ಆಗುತ್ತದೆ.

ಪ್ರಶ್ನೆ: ಸರ್, ಜಾತ್ರೆ, ಪ್ರವಾಸಕ್ಕೆ ಮಲಗೋಕೆ ಆಗುವಂಥ ಸಣ್ಣ ಕ್ಯಾರವಾನ್ ಟ್ರೇಲರ್ ಊರಲ್ಲೇ ಮಾಡಿಸಿ ನನ್ನ ಪಿಕಪ್‌ಗೆ ಕಟ್ಟಬೇಕು ಅಂತಿದ್ದೇನೆ. ನಮ್ಮ ವೆಲ್ಡಿಂಗ್ ಅಣ್ಣ ಕಬ್ಬಿನ ಟ್ರೇಲರ್ ಮಾಡುವವನು, ಗಟ್ಟಿ ಕೆಲಸ. ಸರಿ ಆಗುತ್ತಾ?
ಜಮಖಂಡಿ

ಉತ್ತರ: ಆಸೆ ಒಳ್ಳೇದು ಅಣ್ಣಾ. ಆದರೆ ಕಬ್ಬಿನ ಟ್ರೇಲರ್ ಟ್ರ್ಯಾಕ್ಟರ್ ಹಿಂದೆ ನಿಧಾನ ಹೋಗುತ್ತದೆ, ನಿಮ್ಮದು 60ರ ವೇಗದಲ್ಲಿ ಹೋಗಬೇಕು. ಹಂಗಾಮಿನಲ್ಲಿ ಹಿಂದೆ ಲೈಟೂ ಇಲ್ಲ ರಿಫ್ಲೆಕ್ಟರೂ ಇಲ್ಲದೆ ಹೋಗುವ ಡಬಲ್ ಟ್ರೇಲರ್ ನೋಡಿ ಅಳತೆ ಹಿಡಿಯಬೇಡಿ.

ಮೊದಲು ಪಿಕಪ್ ಕಂಪನಿಯವರು ಟ್ರೇಲರ್ ಎಳೆಯೋಕೆ ಒಪ್ಪಿಗೆ ಕೊಟ್ಟಿದ್ದಾರಾ, ಎಷ್ಟು ತೂಕಕ್ಕೆ ಅಂತ ಬರಹದಲ್ಲಿ ಕೇಳಿ. ಟ್ರೇಲರ್‌ಗೆ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಆರ್‌ಟಿಒ ಕಚೇರಿಗೆ ಹೋಗೋದು ವೆಲ್ಡಿಂಗ್‌ಗೆ ಮುಂಚೆ, ಆಮೇಲೆ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನೇ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ, ಅಪಘಾತವಾದರೆ ವಿಮೆಯವರು ಮೊದಲು ಹುಡುಕೋದು ಇದನ್ನೇ.

ಕೆಲಸದ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಟ್ರೇಲರ್ ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು ಎಲ್ಲ ಹಿಂದಿಟ್ಟು ಹಿಂಭಾರ ಮಾಡಿದರೆ ವೇಗ ಹಿಡಿದ ಕೂಡಲೇ ಟ್ರೇಲರ್ ಎಡಕ್ಕೂ ಬಲಕ್ಕೂ ತೊನೆಯುತ್ತದೆ, ಮುಂದಿನ ಗಾಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಪಿಕಪ್ ಹಿಂದಿನ ತೊಟ್ಟಿಯಲ್ಲೇ ಹಾಸಿಗೆ ಹಾಕಿ ಮೇಲೆ ತಾಡಪತ್ರಿ ಕಟ್ಟಿ, ಬಾದಾಮಿ ಜಾತ್ರೆಗೆ ಅದು ಧಾರಾಳ.

ಪ್ರಶ್ನೆ: ಚೋರ್ಲಾ ಘಾಟ್ ಹತ್ತಿ ಬಂದ ಕೂಡಲೇ ಚಹಾಕ್ಕೆ ಗಾಡಿ ಆಫ್ ಮಾಡಬಾರದು ಅಂತಾರೆ, ನಿಜವೇ?
ಬೆಳಗಾವಿ

ಉತ್ತರ: ನಿಜ. ಏರು ಹತ್ತಿದ ಟರ್ಬೊ ಕೆಂಪಗೆ ಕಾದಿರುತ್ತದೆ. ಕೂಡಲೇ ಆಫ್ ಮಾಡಿದರೆ ಆಯಿಲ್ ಹರಿಯೋದು ನಿಂತು ಬೇರಿಂಗ್‌ನಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಬಿಡಿ, ಅಷ್ಟರಲ್ಲಿ ಚಹಾ ಹೇಳಿ ಬರಬಹುದು ಅಲ್ವಾ. ಗೋವಾ ಕಡೆ ಇಳಿಯುವಾಗ ಹತ್ತುವ ಗೇರ್‌ನಲ್ಲೇ ಇಳಿಯಿರಿ.

ಪ್ರಶ್ನೆ: ಹಳೆಯ ಕಾಮನ್ ರೇಲ್ ಪಿಕಪ್, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ ಹೊಸದು ಹಾಕಬೇಕು ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ಒಪ್ಪಿಕೊಳ್ಳಲಾ?
ಚಿಕ್ಕೋಡಿ

ಉತ್ತರ: ಈಗಲೇ ಬೇಡ. ರಿಟರ್ನ್ ಟೆಸ್ಟ್ ಮಾಡಿಸಿದ್ದಾರಾ ಕೇಳಿ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪು ಬಿಚ್ಚಿ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಎಂಜಿನ್ ಓಡಿಸಬೇಕು. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸೋರುತ್ತಿದೆ. ಎಷ್ಟೋ ಸಲ ಒಂದು ಎರಡು ಮಾತ್ರ ಹೋಗಿರುತ್ತವೆ. ಅವನ್ನು ಬಿಚ್ಚಿಸಿ, ಟೆಸ್ಟ್ ಬೆಂಚ್ ಇರುವ ಪಂಪ್-ನೋಝಲ್ ಅಂಗಡಿಗೆ ನೀವೇ ಒಯ್ಯಿರಿ. ನಾಲ್ಕೂ ಸಮ ಇದ್ದು ತೊಂದರೆ ಹಾಗೇ ಇದ್ದರೆ ಗ್ಲೋ ಪ್ಲಗ್ (ಸ್ಟಾರ್ಟ್ ಆಗೋಕೆ ಸಿಲಿಂಡರ್ ಬಿಸಿ ಮಾಡುವ ಪ್ಲಗ್), ಬ್ಯಾಟರಿ, ಡೀಸೆಲ್ ಪೈಪಿನಲ್ಲಿ ಗಾಳಿ, ಈ ಮೂರನ್ನು ನೋಡದೆ ಇಂಜೆಕ್ಟರ್ ಮಾತೇ ಬೇಡ. ಹೊಸದು ಹಾಕಿದರೆ ಅದರ ಮೇಲಿನ ಕೋಡ್ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುಗೆ ಹಾಕಿಸೋದು ಮರೆಯಬೇಡಿ, ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ. ಬಾಟಲಿಗಳ ಫೋಟೊ ತೆಗೆದಿಟ್ಟುಕೊಳ್ಳಿ, ಬಿಚ್ಚಿದ ಹಳೆಯ ಇಂಜೆಕ್ಟರ್‌ಗಳನ್ನೂ ಕೇಳಿ ವಾಪಸ್ ಪಡೆಯಿರಿ.