ಮೊದಲು ಮಷೀನೋ, ಮೊದಲು ಕಸುಬೋ?

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಗಂಡ ಬಿಟ್ಟು ಹೋಗಿ ಮೂರು ವರ್ಷವಾಯಿತು. ಮಗಳ ಜೊತೆ ತವರಲ್ಲಿದ್ದೇನೆ. ಫಾಲ್ಸ್ ಹಾಕುವುದು, ಲಂಗ ಹೊಲಿಯುವುದು ಬರುತ್ತದೆ. ಗುಂಪಿಗೆ ಸೇರಿದರೆ ಫೈನಾನ್ಸಿನವರು 50,000 ರೂಪಾಯಿ ಕೊಡುತ್ತಾರಂತೆ. ತಗೊಂಡು ಮಷೀನ್ ಕೊಳ್ಳಲೇ?
– ಓದುಗಿ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ಈಗಲೇ ಬೇಡ. ಸಾಲ ತಗೊಂಡರೆ ಕಂತು ತಕ್ಷಣ ಶುರುವಾಗುತ್ತದೆ, ಗಿರಾಕಿಗಳು ಹಾಗೆ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ನಾನೂ ಮೊದಲು ಮಷೀನನ್ನೇ ತಂದವಳು. ಬ್ಲೌಸ್ ಕಟಿಂಗ್ ಸರಿಯಾಗಿ ಬರುತ್ತಿರಲಿಲ್ಲ. ಕಂಕುಳಲ್ಲಿ ಎಳೆಯುತ್ತದೆ ಅಂತ ಹೊಲಿದದ್ದು ವಾಪಸ್ ಬರುತ್ತಿತ್ತು. ಒಬ್ಬರ ರೇಷ್ಮೆ ಬಟ್ಟೆ ಕೆಡಿಸಿ, ಅದರ ದುಡ್ಡು ನಾನೇ ಕೊಟ್ಟೆ. ಆ ತಿಂಗಳ ಕಂತಿಗೆ ಓಲೆ ಗಿರವಿ ಇಟ್ಟೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಕಟಿಂಗ್ ಕಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳು ಈಗ ಬಹುತೇಕ ಜಿಲ್ಲೆಗಳಲ್ಲಿವೆ. ಹೊಲಿಗೆ ತರಬೇತಿ ಸುಮಾರು ಒಂದು ತಿಂಗಳು. ಲೆಕ್ಕ ಇಡುವುದನ್ನೂ ಹೇಳಿಕೊಡುತ್ತಾರೆ. ಮುಗಿದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ, ಬ್ಯಾಂಕ್ ಸಾಲದ ಅರ್ಜಿಗೂ ನೆರವಾಗುತ್ತಾರೆ. ತರಬೇತಿ ಮುಗಿಯುವವರೆಗೆ ಮಗಳನ್ನು ಅಮ್ಮ ನೋಡಿಕೊಳ್ಳಲಿ.

ಬಂದ ಮೇಲೆ ಯಾರದಾದರೂ ಹಳೇ ತುಳಿಯುವ ಮಷೀನಿನಲ್ಲಿ ಮೂರು ತಿಂಗಳು ಹೊಲಿ. ವಾರಕ್ಕೆ ಎಷ್ಟು ಬ್ಲೌಸ್ ಬಂತು, ದಾರ, ಹುಕ್ಕು, ಲೈನಿಂಗ್ ಖರ್ಚು ಕಳೆದು ಎಷ್ಟು ಉಳಿಯಿತು, ದಿನಾ ಬರೆದಿಡು. ಆ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗು. ಮುದ್ರಾ ಯೋಜನೆಯಲ್ಲಿ ಶಿಶು ಸಾಲ ಅಂತ ಇದೆ. 50,000 ರೂಪಾಯಿವರೆಗೆ, ಏನನ್ನೂ ಒತ್ತೆ ಇಡಬೇಕಿಲ್ಲ. ನಿನಗೆ ಅಷ್ಟೂ ಬೇಕಿಲ್ಲ ಅಲ್ವಾ? ಮಷೀನಿಗೆ ಎಷ್ಟೋ ಅಷ್ಟೇ ತಗೋ.

ಫೈನಾನ್ಸಿನವರು ಗುಂಪಿಗೆ ಕೊಡುವ ಕಿರುಸಾಲವೇ ಕೆಟ್ಟದ್ದು ಅನ್ನುತ್ತಿಲ್ಲ. ಅಂಥ ಸಾಲ ಕೊಡುವಾಗ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ನನ್ನ ಕೇಳಿದರೆ ನಿನಗೆ ಅರ್ಧವೂ ಜಾಸ್ತಿ. ದುಡಿಯುವವಳು ನೀನೊಬ್ಬಳೇ. ಮಗುವಿಗೆ ಜ್ವರ ಬಂದರೆ ಮಷೀನ್ ನಿಲ್ಲುತ್ತದೆ. ಕಂತು ಕಾಲು ಭಾಗದೊಳಗೇ ಇರಲಿ. ಇನ್ನೊಬ್ಬರಿಗಾಗಿ ನಿನ್ನ ಹೆಸರಲ್ಲಿ ಸಾಲ ಎತ್ತಿಕೊಡಬೇಡ, ಸ್ವಂತ ಅಕ್ಕನೇ ಕೇಳಿದರೂ.

ಆಧಾರ್, ಪಾಸ್‌ಬುಕ್, ಫೋಟೋ ತಗೊಂಡು ಆರ್‌ಸೆಟಿಗೆ ಹೋಗು. ಹೊಲಿಗೆಯ ಮುಂದಿನ ಬ್ಯಾಚ್ ಯಾವಾಗ ಅಂತ ಈ ಸೋಮವಾರವೇ ಕೇಳಿ ಬಾ.