ಪೈರನೋಮೀಟರ್ ಯಾವ ಕಂಪನಿಯದು ಕೊಳ್ಳಲಿ?

ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಬಗ್ಗೆ ಓದಿ ನಿಮಗೂ ಬಿಸಿಲು ಅಳೆಯುವ ಆಸೆ ಬಂದಿದೆ. ಪೈರನೋಮೀಟರ್ ಅಂದರೆ ಗಾಜಿನ ಗುಮ್ಮಟದಡಿಯ ತಟ್ಟೆಗೆ ಬೀಳುವ ಬಿಸಿಲನ್ನು ವೋಲ್ಟೇಜಾಗಿ ತೋರಿಸುವ ಉಪಕರಣ. ಕಂಪನಿ ಆಮೇಲೆ ನೋಡೋಣ. ಇದೇ ಪ್ರಶ್ನೆ ಹಿಡಿದು ಹೊರಟು ಇಡೀ ಬೇಸಿಗೆಯ ಅಂಕಿಗಳನ್ನು ಕಸಕ್ಕೆ ಹಾಕಿದವನು ನಾನು.

ತಪ್ಪು ಇಷ್ಟೇ: ಉಪಕರಣ ಎರಡು ಡಿಗ್ರಿ ಪೂರ್ವಕ್ಕೆ ವಾಲಿತ್ತು. ಕೂರಿಸಿದ ದಿನ ರಸಮಟ್ಟದ ಗುಳ್ಳೆ ನಡುವೆಯೇ ಇತ್ತು. ಆಮೇಲೆ ಅಡಿಯ ಕಬ್ಬಿಣದ ಪಟ್ಟಿ ಬಾಗಿದ್ದನ್ನು ಗಮನಿಸಲಿಲ್ಲ. ಎರಡು ಡಿಗ್ರಿ ಏನು ಮಹಾ ಅನ್ನಬೇಡಿ. ಸೂರ್ಯ ಪೂರ್ವದಲ್ಲಿ 30 ಡಿಗ್ರಿ ಏರಿದಾಗ ಮಟ್ಟವಾಗಿರುವ ತಟ್ಟೆಗೆ ನೇರ ಬಿಸಿಲಿನ 0.50 ಭಾಗ ಬೀಳಬೇಕು, ಅದು 60ರ ಕೊಸೈನ್ (ಸೂರ್ಯ ನೆತ್ತಿಯಿಂದ 60 ಡಿಗ್ರಿ ಕೆಳಗಿರುತ್ತಾನಲ್ಲ). ವಾಲಿದ ತಟ್ಟೆಗೆ ಬೀಳುವುದು 58ರ ಕೊಸೈನ್, 0.53. ಬೆಳಿಗ್ಗೆ ಶೇ. 6 ಜಾಸ್ತಿ, ಸಂಜೆ ಅಷ್ಟೇ ಕಡಿಮೆ. ಮೋಸ ಇರುವುದೇ ಇಲ್ಲಿ: ದಿನದ ಮೊತ್ತದಲ್ಲಿ ಎರಡೂ ಹೆಚ್ಚುಕಮ್ಮಿ ವಜಾ ಆಗಿಬಿಡುತ್ತವೆ, ನಾನು ನೋಡುತ್ತಿದ್ದದ್ದು ಮೊತ್ತ ಮಾತ್ರ. ಕೊನೆಗೆ ಗಂಟೆವಾರು ಗ್ರಾಫ್ ಹಾಕಿದರೆ, ಮೋಡವಿಲ್ಲದ ದಿನವೂ ಗೆರೆ ಸೌರ ಮಧ್ಯಾಹ್ನದ, ಅಂದರೆ ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತಿನ, ಎರಡೂ ಕಡೆ ಒಂದೇ ಸಮ ಇಲ್ಲ. ಪಟ್ಟಿ ಯಾವತ್ತು ಬಾಗಿತೋ ತಿಳಿಯದೆ ತಿದ್ದುವುದು ಹೇಗೆ?

ಅನ್ನಾ ಮಣಿ ಅಂದರೆ ಎಲ್ಲರೂ ‘ಮಹಿಳಾ ವಿಜ್ಞಾನಿ’ ಅಂದು ಸುಮ್ಮನಾಗುತ್ತಾರೆ, ನನಗದು ರೇಗುತ್ತದೆ. ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ರೋಹಿತ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದವರು 1948ರಲ್ಲಿ ಹವಾಮಾನ ಇಲಾಖೆ ಸೇರಿ ಪುಣೆಯಲ್ಲಿ ಸುಮಾರು 100 ಹವಾಮಾನ ಉಪಕರಣಗಳ ವಿನ್ಯಾಸದ ನಕ್ಷೆಗಳನ್ನು ಒಂದೇ ಮಾನದಂಡಕ್ಕೆ ತಂದರು. ಒಂದೂರಿನ ಅಂಕಿಯನ್ನು ಇನ್ನೊಂದೂರಿನದರ ಪಕ್ಕ ಇಡಬೇಕಾದರೆ ಎರಡೂ ಕಡೆಯ ಉಪಕರಣ ಒಂದೇ ಅಳತೆ ಹೇಳಬೇಕಲ್ಲ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ (ಹಲವು ದೇಶಗಳು ಕೂಡಿ ಭೂಮಿಯನ್ನು ಅಧ್ಯಯನ ಮಾಡಿದ ಅವಧಿ) ಹೊತ್ತಿಗೆ ಸೌರ ವಿಕಿರಣ ಕೇಂದ್ರಗಳ ಜಾಲ ಕಟ್ಟಿದರು. 1980ರಲ್ಲಿ ಬಂದ ಅವರ ಸೌರ ವಿಕಿರಣ ಕೈಪಿಡಿಯ ಹಿಂದೆ ಇಂಥ ಚಾಕರಿ ಇದೆ.

ಹಾಗಾಗಿ ಕಂಪನಿಗಿಂತ ಮೊದಲು ದಿನಾ ಮಹಡಿ ಹತ್ತುವವರು ಯಾರು ಅಂತ ತೀರ್ಮಾನಿಸಿ. ಸೂರ್ಯ ಹುಟ್ಟುವ ಮುಂಚೆ ಗಾಜಿನ ಗುಮ್ಮಟದ ಇಬ್ಬನಿ, ಧೂಳು ಒರೆಸಬೇಕು, ಗುಳ್ಳೆ ನೋಡಬೇಕು. ಕ್ಯಾಲಿಬ್ರೇಶನ್ ಪ್ರಮಾಣಪತ್ರ, ಅಂದರೆ ಎಷ್ಟು ಬಿಸಿಲಿಗೆ ಎಷ್ಟು ವೋಲ್ಟ್ ಅಂತ ಅಳೆದು ಕೊಟ್ಟ ಚೀಟಿ, ಇಲ್ಲದ್ದನ್ನು ಮುಟ್ಟಲೇಬೇಡಿ. ಅದರಲ್ಲಿ ಚದರ ಮೀಟರಿಗೆ ಒಂದು ವ್ಯಾಟ್ ಬಿಸಿಲಿಗೆ 10 ಮೈಕ್ರೋವೋಲ್ಟ್ ಅಂತಿದ್ದರೆ, 1000 ವ್ಯಾಟ್‌ನ ಸುಡುಬಿಸಿಲಿಗೂ ಬರುವುದು ಬರೀ 10 ಮಿಲಿವೋಲ್ಟ್. ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇಲ್ಲದ ಉದ್ದ ವೈರು ಹಾಕಿದರೆ ಹತ್ತಿರದ ಮೋಟಾರಿನ ವಿದ್ಯುತ್ ಗದ್ದಲವೂ ಅದರಲ್ಲಿ ಬೆರೆಯುತ್ತದೆ.

ರಾತ್ರಿ ಅಂಕಿ ಸೊನ್ನೆಗಿಂತ ತುಸು ಕೆಳಗಿಳಿದರೆ ಗಾಬರಿಯಾಗಬೇಡಿ, ಗುಮ್ಮಟ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗಿರುತ್ತದೆ. ಹತ್ತಾರು ವ್ಯಾಟ್ ಇಳಿದರೆ ಮಾತ್ರ ವೈರು ಬಿಚ್ಚಿ ನೋಡಿ. ಚೆಂದ ಕಾಣಲಿ ಅಂತ ಆ ಮೈನಸ್‌ಗಳನ್ನೆಲ್ಲ ಸೊನ್ನೆ ಮಾಡಿಟ್ಟರೆ, ವೈರು ಕೆಟ್ಟದ್ದು ಗೊತ್ತೇ ಆಗುವುದಿಲ್ಲ.